ರಾತ್ರಿ ಶಾಲೆಯ ವೇಳಾಪಟ್ಟಿ ಈಗ ಅಂಗೈಯಲ್ಲಿ

ಮುಂಬಯಿ: ರಾತ್ರಿ ಹನ್ನೊಂದೂವರೆ ಗಂಟೆ. ಉಪನಗರದ ಹೊಟೇಲೊಂದರ ಶಟರ್ ಅರ್ಧಕ್ಕೆ ಇಳಿದಿದೆ. ಗಲ್ಲಾದ ಲೆಕ್ಕ ಒಪ್ಪಿಸಿ, ಕೈಕಾಲು ತೊಳೆದು ಬಂದ ಯುವಕ ಗೋಡೆಗೊರಗಿ ಕುಳಿತು ಮೊಬೈಲ್ ಕೈಗೆತ್ತಿಕೊಳ್ಳುತ್ತಾನೆ. ಆಟಕ್ಕಲ್ಲ, ಓದಲಿಕ್ಕೆ. ಊರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದವನಿಗೆ ಹನ್ನೆರಡನೆಯ ತರಗತಿ ಪಾಸಾಗಬೇಕು, ಆಮೇಲೆ ಬಿ.ಕಾಂ. ಮಾಡಬೇಕು ಎಂಬ ಆಸೆ. ಆದರೆ ನಿನ್ನೆ ಅರ್ಧಕ್ಕೆ ಬಿಟ್ಟ ಪಾಠ ಎಲ್ಲಿತ್ತು? ಗೆಳೆಯ ಕಳುಹಿಸಿದ ಲಿಂಕ್ ವಾಟ್ಸ್‌ಆ್ಯಪ್‌ನ ಯಾವ ಗ್ರೂಪಿನಲ್ಲಿದೆ? ಇಳಿಸಿಕೊಂಡ ಪಿಡಿಎಫ್ ಎಲ್ಲಿ ಹೋಯಿತು? ಹುಡುಕುತ್ತ ಹೋದಂತೆ ನಡುವೆ ಒಂದು ಹಾಸ್ಯದ ತುಣುಕು, ಒಂದು ಕ್ರಿಕೆಟ್ ತುಣುಕು, ಊರಿನ ಕೋಲದ ಒಂದು ವೀಡಿಯೊ. ಗಡಿಯಾರ ಹನ್ನೆರಡೂ ಕಾಲು ತೋರಿಸುತ್ತದೆ. ಬೆಳಿಗ್ಗೆ ಐದಕ್ಕೆ ಏಳಬೇಕು. ಓದಲು ಕುಳಿತದ್ದು ನಿಜ, ಓದಿದ್ದು ಮಾತ್ರ ಏನೂ ಇಲ್ಲ.

ಇಂಥ ಯುವಕರು ಈ ಮಹಾನಗರದಲ್ಲಿ ಒಬ್ಬಿಬ್ಬರಲ್ಲ. ಹೊಟೇಲು, ಅಂಗಡಿ, ಕೊರಿಯರ್ ಕಚೇರಿ, ಬ್ಯಾಂಕು, ಆಸ್ಪತ್ರೆ ಎಲ್ಲೆಡೆ ದುಡಿಯುತ್ತ ಓದಬೇಕೆನ್ನುವ ತುಳು-ಕನ್ನಡಿಗರು ಇದ್ದಾರೆ. ಅವರಿಗೆ ಬುದ್ಧಿಯ ಕೊರತೆಯಿಲ್ಲ, ಇಂದು ಪಾಠಗಳ ಕೊರತೆಯೂ ಇಲ್ಲ. ಕೊರತೆ ಇರುವುದು ಆ ಪಾಠಗಳನ್ನು ಒಂದೆಡೆ ಜೋಡಿಸಿಟ್ಟು, ‘ಇವತ್ತು ಇದನ್ನು ಓದು’ ಎಂದು ಹೇಳುವ ವ್ಯವಸ್ಥೆಯದ್ದು. ಆ ವ್ಯವಸ್ಥೆಯನ್ನು ಪ್ರತಿಯೊಬ್ಬನೂ ತನಗಾಗಿ ತಾನೇ ಕಟ್ಟಿಕೊಳ್ಳಬಹುದು. ಅಂತರ್ಜಾಲದಲ್ಲಿ ಸ್ವಂತದ್ದೊಂದು ಪುಟ ಮಾಡಿಕೊಂಡು, ತನ್ನ ಓದಿಗೆ ಬೇಕಾದುದನ್ನೆಲ್ಲ ಅಲ್ಲಿ ಸಾಲಾಗಿ ಇಟ್ಟುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಡ್ಯಾಶ್‌ಬೋರ್ಡ್ ಎನ್ನುತ್ತಾರೆ. ಕನ್ನಡದಲ್ಲಿ ಕಲಿಕೆಯ ಮುಖಪುಟ ಎನ್ನಬಹುದು.

ಗಂಟೆ ಬಾರಿಸುತ್ತಿದ್ದ ಶಾಲೆಗಳು

ಮುಂಬಯಿ ಕನ್ನಡಿಗರಿಗೆ ದುಡಿಯುತ್ತ ಓದುವುದು ಹೊಸ ವಿಷಯವೇನಲ್ಲ. ಹೊಟ್ಟೆಪಾಡಿಗಾಗಿ ಕರಾವಳಿಯಿಂದ ಬಂದ ಹುಡುಗರು ಹಗಲು ಹೊಟೇಲಿನಲ್ಲಿ ದುಡಿದು ಸಂಜೆ ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತ ಕತೆ ಇಲ್ಲಿನ ಪ್ರತಿಯೊಂದು ಸಮಾಜದಲ್ಲೂ ಇದೆ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿ ಶಾಲೆ ನಡೆಸಿತು. ಬಿಲ್ಲವರ ಅಸೋಸಿಯೇಶನ್‌ನ ಗುರುನಾರಾಯಣ ರಾತ್ರಿ ಶಾಲೆಯ ಹೆಸರನ್ನು ಕೇಳದ ಹಿರಿಯರಿಲ್ಲ. ಇಂಥ ಶಾಲೆಗಳಲ್ಲಿ ಕಲಿತವರು ಮುಂದೆ ವಕೀಲರಾದರು, ಬ್ಯಾಂಕ್ ಅಧಿಕಾರಿಗಳಾದರು, ಲೆಕ್ಕ ಪರಿಶೋಧಕರಾದರು, ತಾವು ಲೋಟ ತೊಳೆದಂಥ ಹೊಟೇಲುಗಳ ಮಾಲೀಕರೂ ಆದರು. ರಾತ್ರಿ ಶಾಲೆ ಇಲ್ಲದಿದ್ದರೆ ಮುಂಬಯಿ ಕನ್ನಡಿಗರ ಇಂದಿನ ಸ್ಥಿತಿಗತಿ ಬೇರೆಯೇ ಆಗಿರುತ್ತಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ಕಾಲ ಬದಲಾಯಿತು. ಊರಿನಲ್ಲೇ ಹೈಸ್ಕೂಲು, ಕಾಲೇಜುಗಳು ಬಂದವು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೊಟೇಲು, ಢಾಬಾಗಳಲ್ಲಿ ದುಡಿಸುವುದನ್ನು ಕಾನೂನು ನಿಷೇಧಿಸಿತು. ಅದು ಆಗಲೇಬೇಕಾಗಿದ್ದ ಕೆಲಸ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಇಂಗ್ಲಿಷ್ ಮಾಧ್ಯಮದತ್ತ ಹೊರಳಿದರು. ಹೀಗೆ ಕನ್ನಡ ರಾತ್ರಿ ಶಾಲೆಗಳ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಆದರೆ ಹದಿನೆಂಟು ದಾಟಿ ದುಡಿಯಲು ಬಂದವನ ಓದುವ ಆಸೆ ಖಾಲಿಯಾಗಲಿಲ್ಲ.

ರಾತ್ರಿ ಶಾಲೆ ಕೊಡುತ್ತಿದ್ದುದು ಪಾಠ ಮಾತ್ರವಲ್ಲ. ಸಮಯಕ್ಕೆ ಸರಿಯಾಗಿ ಹೊಡೆಯುವ ಗಂಟೆ, ಗೋಡೆಗೆ ಅಂಟಿಸಿದ ವೇಳಾಪಟ್ಟಿ, ನಿನ್ನೆಯ ಪಾಠ ಎಲ್ಲಿಗೆ ನಿಂತಿತೆಂದು ನೆನಪಿಟ್ಟುಕೊಂಡ ಮಾಸ್ತರರು, ‘ಎರಡು ದಿನ ಎಲ್ಲಿ ಹೋಗಿದ್ದೆ ಮಾರಾಯ?’ ಎಂಬ ಪ್ರಶ್ನೆ. ಹುಡುಗ ಬಂದು ಕುಳಿತರೆ ಸಾಕಿತ್ತು, ಉಳಿದ ಜೋಡಣೆಯೆಲ್ಲ ಶಾಲೆಯದ್ದಾಗಿತ್ತು. ಇಂದು ಮೊಬೈಲಿನಲ್ಲಿ ಓದುವವನಿಗೆ ಆ ಜೋಡಣೆ ಮಾಡಿಕೊಡುವವರು ಯಾರೂ ಇಲ್ಲ.

2020 ಕಲಿಸಿದ ಪಾಠ

ಈ ಕೊರತೆ ಎಲ್ಲರ ಕಣ್ಣಿಗೆ ಬಿದ್ದದ್ದು 2020ರ ಮಾರ್ಚ್‌ನಲ್ಲಿ. ಎಂದೂ ನಿಲ್ಲದ ಲೋಕಲ್ ಟ್ರೈನುಗಳು ನಿಂತವು, ಶಾಲೆಗಳು ಮುಚ್ಚಿದವು. ಪಾಠಗಳು ಮೊಬೈಲಿಗೆ ಬಂದವು. ಗಣಿತದ ಲಿಂಕ್ ಒಂದು ಗ್ರೂಪಿನಲ್ಲಿ, ವಿಜ್ಞಾನದ ಚಿತ್ರ ಇನ್ನೊಂದರಲ್ಲಿ, ಮನೆಕೆಲಸ ಮತ್ತೊಂದರಲ್ಲಿ. ‘ಗುಡ್ ಮಾರ್ನಿಂಗ್’ ಹೂಗಳ ನಡುವೆ ಪರೀಕ್ಷೆಯ ದಿನಾಂಕ ಹೂತುಹೋಯಿತು. ಒಂದೇ ಕೋಣೆಯ ಮನೆಯಲ್ಲಿ ಒಂದೇ ಫೋನು, ಇಬ್ಬರು ಮಕ್ಕಳು, ಕೆಲಸಕ್ಕೂ ಅದೇ ಫೋನು ಬೇಕಾದ ತಂದೆ. ತಾಯಂದಿರು ಕ್ಯಾಲೆಂಡರಿನ ಹಿಂಬದಿಯಲ್ಲಿ ‘ಸೋಮವಾರ ಹತ್ತಕ್ಕೆ ಗಣಿತ’ ಎಂದು ಬರೆದು ಬಾಗಿಲಿಗೆ ಅಂಟಿಸಿದರು. ಯಾರೂ ಹಾಗೆಂದು ಹೆಸರಿಡದಿದ್ದರೂ ಅದು ಆ ಮನೆಯ ಮೊದಲ ಡ್ಯಾಶ್‌ಬೋರ್ಡ್ ಆಗಿತ್ತು.

ಕಂಪ್ಯೂಟರ್ ಲೋಕದಲ್ಲಿ ಈ ಆಲೋಚನೆ ಅದಕ್ಕಿಂತ ಬಹಳ ಹಳೆಯದು. 2005ರ ಮೇ ತಿಂಗಳಲ್ಲಿ ಗೂಗಲ್ ಸಂಸ್ಥೆ ಬಳಕೆದಾರನೇ ಜೋಡಿಸಿಕೊಳ್ಳಬಹುದಾದ ಮುಖಪುಟವನ್ನು ತಂದಿತು. 2007ರಲ್ಲಿ ಅದಕ್ಕೆ ‘ಐಗೂಗಲ್’ ಎಂದು ಹೆಸರಾಯಿತು. ಪುಟ ತೆರೆದರೆ ಚೌಕ ಚೌಕವಾದ ಕಿಟಕಿಗಳು. ಒಂದರಲ್ಲಿ ವಾರ್ತೆ, ಒಂದರಲ್ಲಿ ಕ್ಯಾಲೆಂಡರ್, ಒಂದರಲ್ಲಿ ಶಬ್ದಕೋಶ, ಒಂದರಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿ. ಅದೇ 2005ರಲ್ಲಿ ಪ್ಯಾರಿಸ್ ನಗರದಲ್ಲಿ ‘ನೆಟ್‌ವೈಬ್ಸ್’ ಎಂಬ ಇಂಥದೇ ಪುಟ ಆರಂಭವಾಯಿತು. ಹೊರದೇಶಗಳ ಶಿಕ್ಷಕರು ಇವುಗಳನ್ನು ವಿದ್ಯಾರ್ಥಿಗಳ ಓದಿಗೆ ಬಳಸತೊಡಗಿದರು. ಸಿಕ್ಕಸಿಕ್ಕಲ್ಲಿ ಅಲೆಯುವ ಬದಲು ವಿದ್ಯಾರ್ಥಿ ತನ್ನ ಪುಟಕ್ಕೆ ಬಂದರೆ ಸಾಕು, ಬೇಕಾದುದು ಅಲ್ಲಿರುತ್ತದೆ ಎಂಬುದೇ ಅದರ ತಿರುಳು.

ಹೊಟೇಲಿನ ಅಡುಗೆಮನೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೋಸೆ ಹೊಯ್ಯುವವನ ಬಲಗೈಗೆ ಹಿಟ್ಟು, ಎಡಗೈಗೆ ಎಣ್ಣೆ, ಎದುರಿಗೆ ಪಲ್ಯ. ಒಂದೊಂದು ದೋಸೆಗೂ ಉಗ್ರಾಣಕ್ಕೆ ಓಡಬೇಕಾದರೆ ಗಿರಾಕಿ ಎದ್ದು ಹೋಗುತ್ತಾನೆ. ಓದುವವನ ಮನಸ್ಸೂ ಅಂಥ ಗಿರಾಕಿಯೇ. ಹುಡುಕಾಟ ಹೆಚ್ಚಾದರೆ ಅದೂ ಎದ್ದು ಹೋಗುತ್ತದೆ.

ಉಗ್ರಾಣದಲ್ಲಿ ಏನೇನಿದೆ?

ಪುಟ ಕಟ್ಟುವ ಮೊದಲು ಅದರಲ್ಲಿಡಲು ಏನಿದೆ ಎಂದು ನೋಡುವುದು ಒಳ್ಳೆಯದು. ಹಣ ಕೊಡದೆ ಸಿಗುವ, ನಂಬಬಹುದಾದ ಸಾಮಗ್ರಿ ಮುಂಬಯಿ ಕನ್ನಡಿಗರ ಪಾಲಿಗೆ ಸಾಕಷ್ಟಿದೆ. ಬಹುಪಾಲು ಜನರಿಗೆ ಅದರ ಅರಿವಿಲ್ಲ ಅಷ್ಟೇ.

ಮೊದಲನೆಯದು ಬಾಲಭಾರತಿ. ಪುಣೆಯಲ್ಲಿ 1967ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರದ ಈ ಪಠ್ಯಪುಸ್ತಕ ಮಂಡಳ ಮರಾಠಿ, ಇಂಗ್ಲಿಷ್, ಹಿಂದಿ, ಉರ್ದು ಭಾಷೆಗಳ ಜೊತೆಗೆ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಮುದ್ರಿಸುತ್ತದೆ. ಅವುಗಳ ಪಿಡಿಎಫ್ ಪ್ರತಿಗಳು ಮಂಡಳದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಗರಪಾಲಿಕೆಯ ಅಥವಾ ಸಂಘ ಸಂಸ್ಥೆಗಳ ಕನ್ನಡ ಶಾಲೆಗೆ ಹೋಗುವ ಮಗುವಿನ ಪುಸ್ತಕ ಮಳೆಯಲ್ಲಿ ನೆನೆದುಹೋದರೂ ಪಾಠ ನಿಲ್ಲಬೇಕಾಗಿಲ್ಲ.

ಎರಡನೆಯದು ಕೇಂದ್ರ ಸರಕಾರದ ‘ದೀಕ್ಷಾ’. 2017ರ ಶಿಕ್ಷಕರ ದಿನಾಚರಣೆಯಂದು ಆರಂಭವಾದ ಈ ವೇದಿಕೆಯ ಚೌಕಾಕಾರದ ಸಂಕೇತಗಳನ್ನು ಪಠ್ಯಪುಸ್ತಕಗಳಲ್ಲಿ ಮುದ್ರಿಸಲಾಗಿದೆ. ಅಂಗಡಿಯಲ್ಲಿ ಹಣ ಪಾವತಿಸಲು ಮೊಬೈಲ್ ಹಿಡಿಯುವಂತೆಯೇ ಇಲ್ಲೂ ಹಿಡಿದರೆ ಆ ಪಾಠಕ್ಕೆ ಸಂಬಂಧಿಸಿದ ವೀಡಿಯೊ, ಪ್ರಶ್ನೆಗಳು ತೆರೆದುಕೊಳ್ಳುತ್ತವೆ.

ಮೂರನೆಯದು ರಾಷ್ಟ್ರೀಯ ಮುಕ್ತ ವಿದ್ಯಾಲಯ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಓಎಸ್. 1989ರಲ್ಲಿ ಸ್ಥಾಪನೆಯಾದ ಇದು ದುಡಿಯುವವರಿಗೆ ವರದಾನ. ಹತ್ತು ಮತ್ತು ಹನ್ನೆರಡನೆಯ ತರಗತಿಗಳಿಗೆ ವರ್ಷಕ್ಕೆ ಎರಡು ಬಾರಿ ಸಾರ್ವಜನಿಕ ಪರೀಕ್ಷೆ. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷಗಳಲ್ಲಿ ಒಂಬತ್ತು ಅವಕಾಶ. ಎಲ್ಲ ವಿಷಯಗಳನ್ನೂ ಒಂದೇ ಸಲಕ್ಕೆ ಬರೆಯಬೇಕಾಗಿಲ್ಲ. ಈ ಸಲ ಎರಡು, ಮುಂದಿನ ಸಲ ಎರಡು ಎಂದು ಕಂತಿನಲ್ಲಿ ಮುಗಿಸಬಹುದು. ಪುಸ್ತಕಗಳು ಅದರ ಜಾಲತಾಣದಲ್ಲಿವೆ, ವೀಡಿಯೊ ಪಾಠಗಳು 2017ರಲ್ಲಿ ಆರಂಭವಾದ ‘ಸ್ವಯಂ’ ವೇದಿಕೆಯಲ್ಲಿವೆ.

ನಾಲ್ಕನೆಯದು ಮುಂಬಯಿಯಲ್ಲೇ, ಪೊವಾಯಿ ಸರೋವರದ ಪಕ್ಕದಲ್ಲಿ ಹುಟ್ಟಿದ್ದು. ಮುಂಬಯಿ ಐಐಟಿಯಲ್ಲಿ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಕೇಂದ್ರ ಸರಕಾರದ ನೆರವಿನಿಂದ ರೂಪುಗೊಂಡ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಕಂಪ್ಯೂಟರ್ ಕಲಿಸುವ ಕಿರು ಪಾಠಗಳನ್ನು ಸಿದ್ಧಪಡಿಸಿದೆ. ಒಂದೊಂದು ಪಾಠ ಹತ್ತು ನಿಮಿಷದ ಆಸುಪಾಸು. ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ತಾನೇ ಮಾಡಿ ನೋಡುವ ಅಭ್ಯಾಸ. ಮಾಸ್ತರರಿಲ್ಲದೆ ಒಬ್ಬನೇ ಕುಳಿತು ಕಲಿಯುವವನಿಗೆಂದೇ ರೂಪಿಸಿದ ಕ್ರಮ ಇದು. ಹಲವು ಪಾಠಗಳಿಗೆ ಕನ್ನಡ ಧ್ವನಿಯೂ ಇದೆ. ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್‌ನಲ್ಲಿ ಪತ್ರ ಬರೆಯುವುದು, ‘ಕ್ಯಾಲ್ಕ್’ನಲ್ಲಿ ಲೆಕ್ಕದ ಪಟ್ಟಿ ಮಾಡುವುದು ಇವೆಲ್ಲವನ್ನೂ ಕನ್ನಡದಲ್ಲೇ ಕೇಳಿ ಕಲಿಯಬಹುದು. ಗಲ್ಲಾದಲ್ಲಿ ಕುಳಿತು ಕಾಗದದಲ್ಲಿ ಲೆಕ್ಕ ಬರೆಯುವ ಹುಡುಗನಿಗೆ ಇದಕ್ಕಿಂತ ಹತ್ತಿರದ ವಿದ್ಯೆ ಯಾವುದು?

ಬ್ಯಾಂಕಿಗೆ ಸೇರಿದ ಹೊಸಬರಿಗೂ ಇದೇ ಮಾತು ಅನ್ವಯಿಸುತ್ತದೆ. 1928ರಲ್ಲಿ ಸ್ಥಾಪನೆಯಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಆ್ಯಂಡ್ ಫೈನಾನ್ಸ್ ನಡೆಸುವ ಜೆಎಐಐಬಿ ಪರೀಕ್ಷೆ 2023ರಿಂದ ನಾಲ್ಕು ಪತ್ರಿಕೆಗಳದ್ದಾಗಿದೆ. ಪಠ್ಯಕ್ರಮ ಒಂದೆಡೆ, ರಿಸರ್ವ್ ಬ್ಯಾಂಕಿನ ಸುತ್ತೋಲೆ ಇನ್ನೊಂದೆಡೆ, ಹಳೆಯ ಪ್ರಶ್ನೆಗಳು ಮತ್ತೊಂದೆಡೆ ಇರುವಾಗ ಕೌಂಟರ್ ಕೆಲಸ ಮುಗಿಸಿ ಬಂದವರಿಗೂ ಒಂದು ಮುಖಪುಟ ಬೇಕಾಗುತ್ತದೆ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಪುಟ ಕಟ್ಟುವುದು ಹೇಗೆ? ಆರಂಭದಲ್ಲಿ ಕಾಣಿಸಿದ ಹೊಟೇಲ್ ಯುವಕನನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅವನು ಎನ್‌ಐಓಎಸ್‌ನ ಹನ್ನೆರಡನೆಯ ತರಗತಿಗೆ ಹೆಸರು ಕೊಟ್ಟಿದ್ದಾನೆ, ಈ ಸಲ ಲೆಕ್ಕಶಾಸ್ತ್ರ ಮತ್ತು ಇಂಗ್ಲಿಷ್ ಬರೆಯುವ ವಿಚಾರದಲ್ಲಿದ್ದಾನೆ ಎಂದುಕೊಳ್ಳೋಣ.

ಮೊದಲ ದಿನ ಅವನು ಕಂಪ್ಯೂಟರ್ ಮುಟ್ಟಬೇಕಾಗಿಲ್ಲ. ಒಂದು ಬಿಳಿ ಹಾಳೆಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆದರೆ ಸಾಕು. ಏನನ್ನು ಕಲಿಯಬೇಕು? ಯಾವಾಗಿನೊಳಗೆ? ದಿನಕ್ಕೆ ಪ್ರಾಮಾಣಿಕವಾಗಿ ಎಷ್ಟು ಹೊತ್ತು ಸಿಗುತ್ತದೆ? ಮೂರನೆಯದೇ ಕಷ್ಟದ ಪ್ರಶ್ನೆ. ಎರಡು ಗಂಟೆ ಎಂದು ಬರೆದು ನಾಲ್ಕನೆಯ ದಿನ ಕೈಬಿಡುವುದಕ್ಕಿಂತ ಇಪ್ಪತ್ತೈದು ನಿಮಿಷ ಎಂದು ಬರೆದು ಉಳಿಸಿಕೊಳ್ಳುವುದು ಮೇಲು.

ಆಮೇಲೆ ಅದೇ ಹಾಳೆಯಲ್ಲಿ ಆರು ಚೌಕಗಳನ್ನು ಎಳೆಯಬೇಕು.

ಮೊದಲ ಚೌಕ ‘ಇವತ್ತು’. ಇದರಲ್ಲಿ ಒಂದೇ ಒಂದು ಸಾಲು. ‘ಲೆಕ್ಕಶಾಸ್ತ್ರ, ಮೂರನೆಯ ಪಾಠ, ಮೊದಲ ನಾಲ್ಕು ಪುಟ.’ ಪುಟ ತೆರೆದ ಕೂಡಲೇ ಕಣ್ಣಿಗೆ ಬೀಳಬೇಕಾದುದು ಇದು. ರಾತ್ರಿ ಶಾಲೆಯ ಗಂಟೆಯ ಜಾಗದಲ್ಲಿ ಕುಳಿತಿರುವುದು ಇದೇ ಸಾಲು.

ಎರಡನೆಯದು ‘ಪುಸ್ತಕ’. ಎನ್‌ಐಓಎಸ್ ಪಾಠಗಳ ಲಿಂಕುಗಳು ಕ್ರಮವಾಗಿ. ಇಡೀ ಜಾಲತಾಣದ ಲಿಂಕ್ ಅಲ್ಲ, ಆಯಾ ಪಾಠದ್ದೇ ಲಿಂಕ್. ಬಾಗಿಲಿನ ತನಕ ಕೊಂಡೊಯ್ಯುವ ಲಿಂಕಿಗಿಂತ ಬೆಂಚಿನಲ್ಲೇ ಕೂರಿಸುವ ಲಿಂಕ್ ಒಳ್ಳೆಯದು.

ಮೂರನೆಯದು ‘ವೀಡಿಯೊ’. ಒಂದು ಪಾಠಕ್ಕೆ ಒಂದೇ ವೀಡಿಯೊ. ಹತ್ತು ಜನ ಮಾಸ್ತರರನ್ನು ಒಟ್ಟಿಗೆ ಕೂರಿಸಿದರೆ ಯಾರ ಪಾಠವೂ ತಲೆಗೆ ಹೋಗದು.

ನಾಲ್ಕನೆಯದು ‘ದಿನಾಂಕ’. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ, ಮನೆಯಲ್ಲಿ ಬರೆದು ಒಪ್ಪಿಸಬೇಕಾದ ಅಸೈನ್‌ಮೆಂಟಿನ ದಿನ, ಪರೀಕ್ಷೆಯ ದಿನ. ಶುಲ್ಕದ ದಿನ ತಪ್ಪಿಹೋದರೆ ಆರು ತಿಂಗಳ ಓದು ಮುಂದಿನ ಪರೀಕ್ಷೆಗೆ ಸರಿಯುತ್ತದೆ.

ಐದನೆಯದು ‘ಸಂಶಯ’. ಈ ಚೌಕವೇ ಎಲ್ಲಕ್ಕಿಂತ ಮುಖ್ಯ ಎನ್ನುವುದರಲ್ಲಿ ಎರಡು ಮಾತಿಲ್ಲ. ಓದುವಾಗ ಅರ್ಥವಾಗದ್ದನ್ನು ಕನ್ನಡದಲ್ಲೋ ತುಳುವಿನಲ್ಲೋ ತನಗೆ ತೋಚಿದಂತೆ ಬರೆದಿಡಬೇಕು. ಉದಾಹರಣೆಗೆ, ಲೆಕ್ಕಶಾಸ್ತ್ರ ಆರಂಭಿಸಿದ ಪ್ರತಿಯೊಬ್ಬನಿಗೂ ಒಂದು ಸಂಶಯ ಬಂದೇ ಬರುತ್ತದೆ: ‘ಧಣಿ ಹಾಕಿದ ಬಂಡವಾಳ ವ್ಯಾಪಾರದ ಆಸ್ತಿಯಲ್ಲವೇ? ಅದನ್ನು ಸಾಲದ ಬದಿಯಲ್ಲಿ ಏಕೆ ಬರೆಯುತ್ತಾರೆ?’ ಹೀಗೆ ಸ್ಪಷ್ಟವಾಗಿ ಬರೆದುಕೊಂಡವನಿಗೆ ಉತ್ತರ ಅರ್ಧ ಸಿಕ್ಕಿದಂತೆಯೇ. ಲೆಕ್ಕದ ಪುಸ್ತಕದಲ್ಲಿ ಹೊಟೇಲು ಬೇರೆ, ಧಣಿ ಬೇರೆ. ಧಣಿ ಕೊಟ್ಟ ಹಣವನ್ನು ಹೊಟೇಲು ಎಂದಾದರೊಂದು ದಿನ ಧಣಿಗೆ ಹಿಂತಿರುಗಿಸಬೇಕಾದ ಕಾರಣ ಅದು ಹೊಟೇಲಿನ ಪಾಲಿಗೆ ಬಾಕಿ. ಆ ಹಣದಿಂದ ಕೊಂಡ ಒಲೆ, ಮೇಜು, ಪಾತ್ರೆಗಳು ಆಸ್ತಿಯ ಬದಿಯಲ್ಲಿ ಬರುತ್ತವೆ. ದಿನಾ ಗಲ್ಲಾ ನೋಡುವವನಿಗೆ ಇದು ಒಮ್ಮೆ ಹೊಳೆದರೆ ಮತ್ತೆ ಮರೆಯುವುದಿಲ್ಲ.

ಆರನೆಯದು ‘ಮುಗಿದದ್ದು’. ಮುಗಿದ ಪಾಠ, ಮುಗಿಸಿದ ದಿನಾಂಕ. ತಿಂಗಳ ಕೊನೆಗೆ ಈ ಪಟ್ಟಿ ಉದ್ದವಾದಷ್ಟೂ ಉತ್ಸಾಹ ಹೆಚ್ಚುತ್ತದೆ. ಪಟ್ಟಿ ಬೆಳೆಯದಿದ್ದರೆ ಆತ್ಮಪರೀಕ್ಷೆಗೆ ಅದೇ ಕನ್ನಡಿ.

ಹಾಳೆಯಲ್ಲಿರುವ ಈ ಆರು ಚೌಕಗಳನ್ನು ಅಂತರ್ಜಾಲಕ್ಕೆ ಏರಿಸುವುದು ಒಂದು ಭಾನುವಾರದ ಕೆಲಸ. ಮೊಬೈಲಿನಲ್ಲಿ ಗೂಗಲ್ ಖಾತೆ ಹೇಗೂ ಇರುತ್ತದೆ. ‘ಗೂಗಲ್ ಡಾಕ್ಸ್’ನಲ್ಲಿ ಒಂದು ಹೊಸ ಕಡತ ತೆರೆದು, ಆರು ತಲೆಬರಹ ಬರೆದು, ಅವುಗಳ ಕೆಳಗೆ ಲಿಂಕುಗಳನ್ನು ಅಂಟಿಸಿದರೆ ಮುಖಪುಟ ಸಿದ್ಧ. ಮೊಬೈಲಿನ ಮೊದಲ ಪರದೆಯಲ್ಲೇ ಅದಕ್ಕೊಂದು ಗುರುತು ಇಟ್ಟುಕೊಂಡರೆ ಒಂದೇ ಬೆರಳಿಗೆ ತೆರೆಯುತ್ತದೆ. ನೆಟ್‌ವರ್ಕ್ ಇಲ್ಲದಾಗಲೂ ತೆರೆಯುವಂತೆ ಉಳಿಸಿಕೊಳ್ಳುವ ಸೌಲಭ್ಯವೂ ಅದರಲ್ಲಿದೆ. ಇನ್ನೂ ಅಂದವಾಗಿ ಬೇಕೆಂದರೆ ಕಂಪ್ಯೂಟರಿನಲ್ಲಿ ಕುಳಿತು ‘ಗೂಗಲ್ ಸೈಟ್ಸ್’ನಲ್ಲಿ ಪುಟ ಮಾಡಬಹುದು. ಅಲ್ಲಿ ವೀಡಿಯೊ, ಕ್ಯಾಲೆಂಡರ್, ಕಡತ ಎಲ್ಲವೂ ಒಂದೇ ಪುಟದೊಳಗೆ ತೆರೆದುಕೊಳ್ಳುತ್ತವೆ. ಚಿತ್ರದ ಚೌಕಗಳನ್ನು ಇಷ್ಟಪಡುವವರಿಗೆ ನೆದರ್ಲೆಂಡ್ಸ್ ದೇಶದ ‘ಸಿಂಬಲೂ’ ಎಂಬ ತಾಣವಿದೆ. ಸಾಧನ ಯಾವುದಾದರೂ ಆಗಲಿ, ಹಾಳೆಯ ಮೇಲಿನ ಯೋಜನೆ ಸರಿಯಿದ್ದರೆ ಸಾಕು.

ಕನ್ನಡದಲ್ಲಿ ಬರೆಯುವುದು ಹಿಂದಿನಂತೆ ಕಷ್ಟವಲ್ಲ. ಒಂದು ಕಂಪ್ಯೂಟರಿನಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಚೌಕ ಚೌಕವಾಗಿ ಕಾಣುತ್ತಿದ್ದ ಕಾಲ ಹೋಯಿತು. ಯೂನಿಕೋಡ್ ಬಂದ ಮೇಲೆ ಎಲ್ಲ ಫೋನಿನಲ್ಲೂ ಅಕ್ಷರ ಒಂದೇ. ಟೈಪಿಸಲು ಬಾರದವರು ಕೀಲಿಮಣೆಯ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ಮಕ್ಕಳ ಪಾಠ ನೋಡಿಕೊಳ್ಳುವ ತಾಯಂದಿರಿಗೆ ಇದು ಬಹಳ ಅನುಕೂಲ.

ಲೋಕಲ್ ಟ್ರೈನಿನ ಓದು

ಮುಂಬಯಿಯವನ ದಿನದಲ್ಲಿ ಯಾರೂ ಕಸಿದುಕೊಳ್ಳದ ಸಮಯವೆಂದರೆ ಲೋಕಲ್ ಟ್ರೈನಿನದ್ದು. ವಸಾಯಿ-ವಿರಾರ್, ಡೊಂಬಿವಲಿ-ಕಲ್ಯಾಣ್ ಕಡೆಯಿಂದ ಬರುವವರಿಗೆ ಹೋಗಿ ಬರುವುದರಲ್ಲೇ ಎರಡು ಗಂಟೆ ಮೀರುತ್ತದೆ. ಜನಸಂದಣಿಯಲ್ಲಿ ಪುಸ್ತಕ ಬಿಡಿಸಲಾಗದು, ಕಿವಿಗೆ ಹಾಕಿಕೊಂಡು ಕೇಳಬಹುದು. ಆದರೆ ದಾರಿಯಲ್ಲಿ ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ. ಆದುದರಿಂದ ಮರುದಿನದ ಪಾಠವನ್ನು ಹಿಂದಿನ ರಾತ್ರಿಯೇ ಇಳಿಸಿಟ್ಟುಕೊಳ್ಳುವುದು ಜಾಣತನ. ದೇಶದ ರೈಲ್ವೆ ನಿಲ್ದಾಣಗಳಲ್ಲಿ ಉಚಿತ ವೈಫೈ ಯೋಜನೆ 2016ರ ಜನವರಿಯಲ್ಲಿ ಆರಂಭವಾದದ್ದು ಇದೇ ನಗರದ ಮುಂಬಯಿ ಸೆಂಟ್ರಲ್ ನಿಲ್ದಾಣದಿಂದ. ನಿಲ್ದಾಣದ ವೈಫೈಯಲ್ಲಿ ಪಾಠ ಇಳಿಸಿಕೊಂಡು ಪರೀಕ್ಷೆಗೆ ಸಿದ್ಧತೆ ನಡೆಸಿದವರು ಕೂಲಿಗಳಲ್ಲೂ ಇದ್ದಾರೆ ಎಂಬುದು ಆಗ ದೇಶಕ್ಕೆಲ್ಲ ಸುದ್ದಿಯಾಗಿತ್ತು.

ಪುಟ ಮುಚ್ಚಿಹೋದರೆ?

ಇಷ್ಟೆಲ್ಲ ಹೇಳುವಾಗ ಎಚ್ಚರಿಕೆಯ ಕೆಲವು ಮಾತುಗಳನ್ನೂ ಹೇಳಬೇಕಾಗುತ್ತದೆ. ಐಗೂಗಲ್ ಇಂದು ಇಲ್ಲ. 2012ರ ಜುಲೈಯಲ್ಲಿ ಗೂಗಲ್ ಅದನ್ನು ನಿಲ್ಲಿಸುವುದಾಗಿ ಘೋಷಿಸಿ, 2013ರ ನವೆಂಬರ್ 1ರಂದು ಮುಚ್ಚಿತು. ಜಾಲತಾಣಗಳ ಹೊಸ ಬರಹಗಳನ್ನು ಒಂದೆಡೆ ಓದಿಸುತ್ತಿದ್ದ ಗೂಗಲ್ ರೀಡರ್ ಅದೇ ವರ್ಷದ ಜುಲೈ 1ಕ್ಕೆ ಮುಚ್ಚಿತ್ತು. ವರ್ಷಗಟ್ಟಲೆ ಜೋಡಿಸಿದವರು ಬೇರೆ ಮನೆ ಹುಡುಕಬೇಕಾಯಿತು. ಬಾಡಿಗೆ ಖೋಲಿಯಲ್ಲಿ ಬಾಳಿದ ಮುಂಬಯಿಗರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಉಚಿತವಾಗಿ ಸಿಕ್ಕ ಪುಟವೂ ಬಾಡಿಗೆಯ ಖೋಲಿಯೇ. ಆದುದರಿಂದ ತಿಂಗಳಿಗೊಮ್ಮೆ ಪುಟದ ಒಂದು ಪ್ರತಿಯನ್ನು ಪಿಡಿಎಫ್ ಮಾಡಿ ಉಳಿಸಿಕೊಳ್ಳಬೇಕು. ಸಂಶಯಗಳ ಪಟ್ಟಿಯನ್ನಂತೂ ಒಂದು ನೋಟುಬುಕ್ಕಿನಲ್ಲೂ ಬರೆದಿಡಬೇಕು.

ಗುಪ್ತ ಸಂಖ್ಯೆ, ಬ್ಯಾಂಕ್ ವಿವರ, ಆಧಾರ್ ಪ್ರತಿ ಇತ್ಯಾದಿಗಳನ್ನು ಈ ಪುಟದಲ್ಲಿ ಎಂದಿಗೂ ಇಡಕೂಡದು. ಪುಟ ಎಲ್ಲರಿಗೂ ಕಾಣಬೇಕೇ, ತನಗೆ ಮಾತ್ರವೇ ಎಂಬ ಆಯ್ಕೆಯನ್ನು ಮೊದಲೇ ನೋಡಿಕೊಳ್ಳಬೇಕು. ಸೈಬರ್ ಕೆಫೆ ಅಥವಾ ಇತರರ ಕಂಪ್ಯೂಟರ್ ಬಳಸಿದರೆ ಏಳುವ ಮುನ್ನ ಖಾತೆಯಿಂದ ಹೊರಬರಲು ಮರೆಯಬಾರದು.

ಇನ್ನೊಂದು ಅಪಾಯ ಸೂಕ್ಷ್ಮವಾದದ್ದು. ಜೋಡಿಸುವುದರಲ್ಲೇ ಒಂದು ಸುಖವಿದೆ. ಬಣ್ಣ ಬದಲಾಯಿಸುವುದು, ಹೊಸ ಲಿಂಕ್ ಸೇರಿಸುವುದು, ಚೌಕಗಳನ್ನು ಆಚೀಚೆ ಸರಿಸುವುದು. ಹೀಗೆ ಮಾಡುತ್ತ ಹೋದರೆ ಓದಿದ ಸಮಾಧಾನ ಸಿಗುತ್ತದೆ, ಓದು ಮಾತ್ರ ಆಗಿರುವುದಿಲ್ಲ. ಕಪಾಟು ಜೋಡಿಸಿದವನೆಲ್ಲ ಪಂಡಿತನಾಗಲಾರ. ಭಾನುವಾರ ಹದಿನೈದು ನಿಮಿಷ ಜೋಡಣೆಗೆ, ಉಳಿದ ಆರು ದಿನ ಓದಿಗೆ ಎಂಬ ಲೆಕ್ಕ ಇಟ್ಟುಕೊಂಡರೆ ಕ್ಷೇಮ. ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದೆ ಕೌಂಟರಿನಿಂದ ಏಳುವಂತಿಲ್ಲ. ಹಾಗೆಯೇ ‘ಇವತ್ತು’ ಎಂಬ ಚೌಕದ ಸಾಲು ‘ಮುಗಿದದ್ದು’ ಚೌಕಕ್ಕೆ ಹೋಗದೆ ಮಲಗುವಂತಿಲ್ಲ ಎಂಬ ನಿಯಮ ಒಳ್ಳೆಯದು.

ಏಳನೆಯ ಚೌಕ

ಆರು ಚೌಕಗಳನ್ನು ಕಂಪ್ಯೂಟರ್ ಕೊಡಬಲ್ಲದು. ಆದರೆ ರಾತ್ರಿ ಶಾಲೆಯಲ್ಲಿದ್ದ ಒಂದು ವಸ್ತುವನ್ನು ಅದು ಕೊಡಲಾರದು. ‘ಎರಡು ದಿನ ಎಲ್ಲಿ ಹೋಗಿದ್ದೆ ಮಾರಾಯ?’ ಎಂದು ಕೇಳುವ ಮಾಸ್ತರರು! ದಿನವಿಡೀ ದುಡಿದು ದಣಿದವನನ್ನು ಓದಿಗೆ ಎಬ್ಬಿಸುವುದು ಚಂದದ ಪುಟವಲ್ಲ, ತನಗಾಗಿ ಯಾರೋ ಕಾಯುತ್ತಿದ್ದಾರೆ ಎಂಬ ಅರಿವು.

ಆದುದರಿಂದ ಏಳನೆಯ ಚೌಕವೊಂದು ಬೇಕು. ಅದರಲ್ಲಿ ಲಿಂಕ್ ಇರಬೇಕಾಗಿಲ್ಲ, ಒಬ್ಬ ವ್ಯಕ್ತಿಯ ಹೆಸರು ಇದ್ದರೆ ಸಾಕು. ನಿವೃತ್ತ ಶಿಕ್ಷಕಿ ಇರಬಹುದು, ಪದವಿ ಮುಗಿಸಿದ ನೆರೆಮನೆಯ ಅಕ್ಕ ಇರಬಹುದು, ಲೆಕ್ಕ ಬಲ್ಲ ದೊಡ್ಡಪ್ಪ ಇರಬಹುದು. ಪುಟವನ್ನು ಅವರೂ ನೋಡುವಂತೆ ಅನುಮತಿ ಕೊಡುವುದು ಎರಡು ಬೆರಳಿನ ಕೆಲಸ. ವಾರಕ್ಕೊಮ್ಮೆ ಅವರು ‘ಸಂಶಯ’ದ ಚೌಕ ನೋಡಿ ಉತ್ತರ ಬರೆಯಬಹುದು, ‘ಮುಗಿದದ್ದು’ ಚೌಕ ನೋಡಿ ಫೋನಿನಲ್ಲಿ ಒಂದು ಮಾತು ಕೇಳಬಹುದು. ಊರಿನಲ್ಲಿ ಕುಳಿತವರೂ ಮುಂಬಯಿಯ ಹುಡುಗನಿಗೆ ಮಾಸ್ತರರಾಗಬಹುದು ಎಂಬುದೇ ಇದರ ವಿಶೇಷ.

ಇಲ್ಲಿ ಸಂಘ ಸಂಸ್ಥೆಗಳಿಗೂ ಒಂದು ಕೆಲಸವಿದೆ. ಮಹಾನಗರದ ಮೂಲೆ ಮೂಲೆಯಲ್ಲಿ ಜಾತೀಯ ಸಂಘಗಳಿವೆ, ಕರ್ನಾಟಕ ಸಂಘಗಳಿವೆ, ಭಜನಾ ಮಂಡಳಿಗಳಿವೆ. ವರ್ಷವರ್ಷವೂ ವಿದ್ಯಾರ್ಥಿವೇತನ, ಪುಸ್ತಕ ವಿತರಣೆ, ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಅದು ಅಭಿನಂದನೀಯ. ಪುರಸ್ಕಾರ ಸಿಗುವುದು ಗೆದ್ದವರಿಗೆ. ಗೆಲ್ಲಲು ಹೊರಟು ನಡುದಾರಿಯಲ್ಲಿ ನಿಂತವರಿಗೂ ಒಂದು ಕೈ ಬೇಕು. ಸಂಘದ ಕಚೇರಿಯಲ್ಲಿ ಒಂದೆರಡು ಕಂಪ್ಯೂಟರ್ ಹೇಗೂ ಇರುತ್ತವೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಎರಡು ಗಂಟೆ ಅವುಗಳನ್ನು ದುಡಿಯುವ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟು, ಬಲ್ಲ ಇಬ್ಬರು ಯುವಕ ಯುವತಿಯರನ್ನು ಜೊತೆಗೆ ಕೂರಿಸಿದರೆ, ಬಂದವರೆಲ್ಲರೂ ತಮ್ಮ ತಮ್ಮ ಮುಖಪುಟ ಕಟ್ಟಿಕೊಂಡೇ ಹೋಗಬಹುದು. ಕಂಪ್ಯೂಟರ್ ಇಲ್ಲದವರು ‘ಕ್ಯಾಲ್ಕ್’ನ ಅಭ್ಯಾಸವನ್ನೂ ಅಲ್ಲೇ ಮಾಡಬಹುದು. ಇದಕ್ಕೆ ದಾನಿಗಳ ದೊಡ್ಡ ಪಟ್ಟಿ ಬೇಕಾಗಿಲ್ಲ, ಒಂದು ಕೀಲಿಕೈ ಮತ್ತು ಸ್ವಲ್ಪ ಮನಸ್ಸು ಸಾಕು.

ಹಿಂದಿನವರು ಲ್ಯಾಂಪಿನ ಬೆಳಕಿನಲ್ಲಿ ಬೆಂಚು ಹಾಕಿ ಶಾಲೆ ಕಟ್ಟಿದರು. ಇಂದಿನವರಿಗೆ ಬೆಂಚು ಬೇಡ, ಕಟ್ಟಡ ಬೇಡ. ರಾತ್ರಿ ಹನ್ನೊಂದೂವರೆಗೆ ಗೋಡೆಗೊರಗಿ ಕುಳಿತ ಯುವಕ ಮೊಬೈಲ್ ತೆರೆದಾಗ ‘ಇವತ್ತು ನಾಲ್ಕು ಪುಟ’ ಎಂಬ ಒಂದು ಸಾಲು, ಅದರ ಕೆಳಗೆ ‘ನಿನ್ನೆಯ ಸಂಶಯಕ್ಕೆ ಉತ್ತರ ಬರೆದಿದ್ದೇನೆ, ನೋಡು’ ಎಂಬ ಇನ್ನೊಂದು ಸಾಲು ಕಾಣಬೇಕು. ಅಷ್ಟಾದರೆ ಇಪ್ಪತ್ತೈದು ನಿಮಿಷ ಓದಿ ಅವನು ಹನ್ನೆರಡಕ್ಕೆ ಮೊದಲೇ ನಿದ್ದೆ ಹೋಗಬಹುದು. ಬೆಳಿಗ್ಗೆ ಐದಕ್ಕೆ ಏಳುವಾಗ ಒಂದು ಪಾಠ ಅವನದ್ದಾಗಿರುತ್ತದೆ.